ನಂದಿಗೆ ಹ್ಯಾಂಡ್‌ಲಾಕ್ ಬೇಕಿಲ್ಲ

ನಾನು ಒಮ್ಮೆ ಬೈಕು ಕದ್ದಿದ್ದೇನೆ. ಹಿಂದೂಪುರದ ಪೇಟೆಯಲ್ಲಿ, ಹಾಡಹಗಲು, ನೂರಾರು ಜನರ ಕಣ್ಣೆದುರಿಗೆ. ಯಾರೂ ತಡೆಯಲಿಲ್ಲ. ತಡೆಯುವುದಿರಲಿ, ಸಾಲಿನಿಂದ ಗಾಡಿಯನ್ನು ಹೊರಗೆಳೆಯಲು ಒದ್ದಾಡುತ್ತಿದ್ದ ನನ್ನನ್ನು ನೋಡಿ ಹೂವಿನಂಗಡಿಯ ಹುಡುಗನೊಬ್ಬ ಬಂದು ಪಕ್ಕದ ಎರಡು ಗಾಡಿಗಳನ್ನು ಸರಿಸಿಕೊಟ್ಟ. ಕಳ್ಳನಿಗೆ ಸಾರ್ವಜನಿಕರ ಸಹಕಾರ ಇಷ್ಟು ಸುಲಭವಾಗಿ ಸಿಗುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನನ್ನದು ಕಪ್ಪು ಸ್ಪ್ಲೆಂಡರ್. ನಮ್ಮ ಕಡೆ ‘ನನ್ನದು ಕಪ್ಪು ಸ್ಪ್ಲೆಂಡರ್’ ಎಂದು ಹೇಳುವುದೂ ‘ನನಗೊಂದು ಮೂಗಿದೆ’ ಎಂದು ಹೇಳುವುದೂ ಒಂದೇ, ಗುರುತಿಗೆ ಬರುವುದಿಲ್ಲ. ಅವತ್ತು ಹುಣಿಸೆಹಣ್ಣಿನ ಮಂಡಿಯಲ್ಲಿ ಕೆಲಸ ಮುಗಿಸಿ ಬಂದೆ. ಸಾಲಿನಲ್ಲಿ ನನ್ನ ಗಾಡಿ ಕಂಡಿತು. ಕೀಲಿ ಹಾಕಿದೆ, ತಿರುಗಿತು. ಕಿಕ್ಕರ್ ಒದ್ದೆ, ಹೊರಟೆ. ಲೇಪಾಕ್ಷಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಹೋದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಹಿಡಿದೆ. ಬ್ರೇಕು ಹಿಡಿಯಿತು. ಆಗ ನನಗೆ ಅನುಮಾನ ಬಂತು. ನನ್ನ ಗಾಡಿಯ ಬ್ರೇಕು ಒಂದೇ ಮಾತಿಗೆ ಕೇಳುವಂಥದ್ದಲ್ಲ.

ಇಳಿದು ನೋಡಿದರೆ ನಂಬರು ‘ಕೆಎ 64’ ಎಂದು ಶುರುವಾಗುತ್ತಿತ್ತು. ಮಧುಗಿರಿಯ ಗಾಡಿ! ನನ್ನದು ಹಳೆಯ ‘ಎಪಿ 02’, ಅನಂತಪುರದ್ದು. ಪತ್ರಿಕೆಗಳಲ್ಲಿ ‘ಅಂತರರಾಜ್ಯ ಬೈಕ್ ಕಳ್ಳನ ಸೆರೆ’ ಎಂದು ಓದಿದಾಗಲೆಲ್ಲ ಅಂಥವರು ಎಲ್ಲಿರುತ್ತಾರೋ ಎಂದುಕೊಳ್ಳುತ್ತಿದ್ದೆ. ಈಗ ಎಮ್ಮೆಯ ಮುಂದೆ ನಿಂತಿದ್ದ.

ಬೆವರುತ್ತಾ ವಾಪಸು ಬಂದೆ. ಅಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು ನನ್ನ ಗಾಡಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೀಲಿ ಮಾಡುವ ಸಾಯಿಬರು ಪೆಟ್ಟಿಗೆ ಬಿಚ್ಚಿಕೊಂಡು ಕುಕ್ಕರುಗಾಲಲ್ಲಿದ್ದರು. “ಬೆಳಿಗ್ಗೆ ಚೆನ್ನಾಗಿತ್ತು ಕಣಪ್ಪ, ಈಗ ಬೀಗ ತಿರುಗಂಗೇ ಇಲ್ಲ” ಎಂದು ಹಿರಿಯರು ಹೇಳುತ್ತಿದ್ದರು. ಅವರಿಗೆ ಗಾಡಿ ಹೋಗಿದೆ ಎಂಬುದೇ ಗೊತ್ತಿಲ್ಲ. ಬೀಗ ಕೆಟ್ಟಿದೆ ಎಂದಷ್ಟೇ ತಿಳಿದಿದ್ದಾರೆ. ಇನ್ನು ಐದು ನಿಮಿಷ ತಡವಾಗಿದ್ದರೆ ಅವರೂ ಸಾಯಿಬರ ಸಹಾಯದಿಂದ ನನ್ನ ಗಾಡಿಯನ್ನು ಕದ್ದು ಮಧುಗಿರಿ ಸೇರುತ್ತಿದ್ದರು. ಲೆಕ್ಕ ಸರಿಹೋಗುತ್ತಿತ್ತು. ಬ್ರೇಕಿನ ವಿಷಯದಲ್ಲಿ ಮಾತ್ರ ಅವರಿಗೆ ನಷ್ಟ.

ಚಹಾ ಕುಡಿಯುತ್ತಾ ಸಾಯಿಬರು ನನ್ನ ಕೀಲಿಯನ್ನು ಬಿಸಿಲಿಗೆ ಹಿಡಿದರು. ಹದಿನೈದು ವರ್ಷ ಜೇಬಿನಲ್ಲಿ ಚಿಲ್ಲರೆಯ ಜೊತೆ ತಿಕ್ಕಾಡಿ ಅದರ ಹಲ್ಲುಗಳು ಮುದುಕರ ಹಲ್ಲಿನಂತೆ ಸವೆದು ಒಂದೇ ಮಟ್ಟಕ್ಕೆ ಬಂದಿದ್ದವು. ಬೀಗದ ಒಳಗೆ ಸಣ್ಣ ಸಣ್ಣ ತಗಡಿನ ಎಲೆಗಳಿರುತ್ತವಂತೆ. ಸರಿಯಾದ ಕೀಲಿಯ ಒಂದೊಂದು ಹಲ್ಲೂ ಒಂದೊಂದು ಎಲೆಯನ್ನು ತಕ್ಕಷ್ಟೇ ಎತ್ತಿದರೆ ಬೀಗ ತಿರುಗುತ್ತದೆ. ಬೀಗವೂ ಸವೆದು ಕೀಲಿಯೂ ಸವೆದರೆ ಎಲೆಗಳು ಯಾರು ಬಂದರೂ ದಾರಿ ಬಿಡುತ್ತವೆ. “ಸಾರ್, ಇದು ನಿಮ್ಮ ಕೀಲಿ ಅಲ್ಲ, ಊರ ಕೀಲಿ” ಎಂದರು. “ಮತ್ತೆ ಬೀಗ ಯಾರದ್ದು?” ಎಂದೆ. “ಅದೂ ಊರದ್ದೇ” ಎಂದರು.

ಅವತ್ತಿನಿಂದ ಗಾಡಿ ನಿಲ್ಲಿಸುವ ಜಾಗಗಳನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ. ಕದ್ದವನ ಕಣ್ಣಿನಿಂದ.

ನಮ್ಮ ಕಡೆ ಗಾಡಿಗೆ ‘ಬಂಡಿ’ ಎನ್ನುತ್ತಾರೆ. ತೆಲುಗಿನ ಸಹವಾಸ. ಬೆಂಗಳೂರಿನಿಂದ ಬಂದ ನನ್ನ ಅಕ್ಕನ ಮಗನಿಗೆ ಯಾರೋ “ಬಂಡಿ ಎಲ್ಲಿ ಬಿಟ್ಟಿದ್ದೀಯಾ?” ಎಂದು ಕೇಳಿದರೆ ಅವನು ಎತ್ತು ಹುಡುಕುವವನಂತೆ ಸುತ್ತ ನೋಡಿದ. ಆದರೆ ಈ ಮಾತಿನಲ್ಲಿ ಒಂದು ಸತ್ಯವಿದೆ. ಇದೇ ಪೇಟೆಗೆ ನಮ್ಮ ತಾತ ನಿಜವಾದ ಬಂಡಿಯಲ್ಲೇ ಬೆಲ್ಲ ತರುತ್ತಿದ್ದರು. ಎತ್ತು ಬಿಚ್ಚಿ ಮರಕ್ಕೆ ಕಟ್ಟಿ, ನೊಗಕ್ಕೆ ಕಟ್ಟುವ ಮಿಣಿಯನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಪೇಟೆಯೊಳಗೆ ಹೋಗುತ್ತಿದ್ದರು. ಯಾರಾದರೂ ಬಂಡಿ ಹೊಡೆದುಕೊಂಡು ಹೋಗಬೇಕೆಂದರೆ ನೊಗಕ್ಕೆ ಕಟ್ಟಲು ಮಿಣಿ ಇಲ್ಲ. ಅದು ಅವರ ಹ್ಯಾಂಡ್‌ಲಾಕ್. ಪೊಲೀಸರು ಇವತ್ತು ಹೇಳುವ ಬುದ್ಧಿಮಾತೂ ಅದೇ: ಹ್ಯಾಂಡ್‌ಲಾಕ್ ಹಾಕಿ, ಮೇಲೊಂದು ಚಕ್ರದ ಬೀಗ ಹಾಕಿ, ಕದಿಯಲು ಬಂದವನಿಗೆ ಎರಡು ನಿಮಿಷ ಹೆಚ್ಚು ಕೆಲಸ ಕೊಡಿ. ಕಳ್ಳ ಸೋಮಾರಿ. ಪಕ್ಕದ ಗಾಡಿಗೆ ಹೋಗುತ್ತಾನೆ. ಪಕ್ಕದವರ ಗತಿ ಏನು ಎಂದು ತಾತನನ್ನು ನಾನು ಕೇಳಿದ್ದೆ. “ಅವನಿಗೂ ಒಂದು ಹೆಗಲಿದೆಯಲ್ಲ” ಎಂದಿದ್ದರು.

ವಾಹನ ಕಳವು ಈ ಸೀಮೆಗೆ ಹೊಸದೇನಲ್ಲ. ಅಮರಾಪುರದ ಹತ್ತಿರ ಹೇಮಾವತಿ ಎಂಬ ಊರಿದೆ. ಹಿಂದೆ ಅದರ ಹೆಸರು ಹೆಂಜೇರು, ನೊಳಂಬರ ರಾಜಧಾನಿ. ಈ ನೊಳಂಬವಾಡಿಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವುದಕ್ಕೆ ‘ತುರುಗೊಳ್’ ಎಂಬ ಗಂಭೀರವಾದ ಹೆಸರಿತ್ತು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ವೀರಗಲ್ಲು ನೆಡುತ್ತಿದ್ದರು. ಕೆಳಗೆ ಕಾದಾಟ, ಮಧ್ಯದಲ್ಲಿ ಅಪ್ಸರೆಯರ ಮೆರವಣಿಗೆ, ಮೇಲೆ ಶಿವಲಿಂಗದ ಸನ್ನಿಧಿ. ಈಗ ಪಲ್ಸರ್ ಬಿಡಿಸಿಕೊಳ್ಳಲು ಚಾಕು ಹಿಡಿದವನ ಮೇಲೆ ಬಿದ್ದು ಸತ್ತರೆ ಅಪ್ಸರೆಯರು ಬರುತ್ತಾರೆಂಬ ಭರವಸೆಯಿಲ್ಲ, ಬರುವುದು ಆಂಬುಲೆನ್ಸ್. ಆದ್ದರಿಂದ ಕತ್ತಲಲ್ಲಿ ಯಾರಾದರೂ ಅಡ್ಡಗಟ್ಟಿದರೆ ಕೀಲಿ ಅತ್ತ ಎಸೆದು ಇತ್ತ ಓಡಿ, ಕೂಗಿ, 112ಕ್ಕೆ ಫೋನ್ ಮಾಡಿ. ವೀರಗಲ್ಲು ನೆಡುವ ಕಾಲ ಮುಗಿದಿದೆ.

ಹೆಂಡತಿಯ ತವರು ಕಲ್ಯಾಣದುರ್ಗ. ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಹೋದರೆ ಆಂಧ್ರದಿಂದ ಹೊರಟು ಕರ್ನಾಟಕವನ್ನು ದಾಟಿ ಮತ್ತೆ ಆಂಧ್ರಕ್ಕೆ ಇಳಿಯಬೇಕು. ಪಾವಗಡ ತಾಲ್ಲೂಕು ಆಂಧ್ರದ ಹೊಟ್ಟೆಯೊಳಗೆ ಚಾಚಿಕೊಂಡ ಕರ್ನಾಟಕದ ಕೈ. ಆ ಕೈಗೂ ಈ ಹೊಟ್ಟೆಗೂ ಮಾತಿನಲ್ಲಿ ವ್ಯತ್ಯಾಸವಿಲ್ಲ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಕಳ್ಳನಿಗೂ ಈ ಭೂಗೋಳ ಅನುಕೂಲವೇ. ಗೌರಿಬಿದನೂರಿನಲ್ಲಿ ಎತ್ತಿದ್ದನ್ನು ಒಂದು ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ರಾಜ್ಯಕ್ಕೆ ದಾಟಿಸಬಹುದು. ಅದಕ್ಕೇ ಗಡಿಯವರು ತಿಳಿದಿರಬೇಕಾದ ಒಂದು ಮಾತಿದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನದ 379ನೇ ಕಲಂ ಈಗ 303 ಆಗಿದೆ. ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಕಳವು ಎಲ್ಲೇ ಆಗಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಅವರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಕಳ್ಳನಿಗಿಲ್ಲದ ಸರಹದ್ದು ದೂರು ಕೊಡುವವನಿಗೆ ಯಾಕೆ?

ಕಲ್ಯಾಣದುರ್ಗದ ನನ್ನ ಮಾವನವರು ಶೇಂಗಾ ಬೆಳೆಗಾರರು. ಒಂದು ವರ್ಷ ಶೇಂಗಾ ಮಾರಿದ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದರು. ನಾನೂ ಜೊತೆಗಿದ್ದೆ, ರಕ್ಷಣೆಗೆಂದು. ದುಡ್ಡನ್ನು ಅವರು ಒಳಗಡೆಯೇ ಪಂಚೆಯ ಒಳಪದರದಲ್ಲಿ ಸುತ್ತಿ, ಮೂರು ಗಂಟು ಹಾಕಿ, ಮೇಲೆ ಉಡಿದಾರ ಬಿಗಿದಿದ್ದರು. ಹೊರಗೆ ಬಂದು ಗಾಡಿಯ ಹತ್ತಿರ ನಿಂತಿದ್ದೇ ತಡ, ಇಸ್ತ್ರಿ ಅಂಗಿ ತೊಟ್ಟ ಯುವಕನೊಬ್ಬ ಬಂದು “ತಾತಾ, ನಿಮ್ಮ ದುಡ್ಡು ಬಿದ್ದಿದೆ ನೋಡಿ” ಎಂದ. ನೋಡಿದರೆ ನೆಲದ ಮೇಲೆ ಹತ್ತು ರೂಪಾಯಿಯ ನಾಲ್ಕೈದು ನೋಟು ಹರಡಿವೆ.

ಈ ಆಟದ ನಿಯಮ ಎಲ್ಲ ಊರಿನಲ್ಲೂ ಒಂದೇ. ನೀವು ಬಗ್ಗಬೇಕು. ಬಗ್ಗಿ ನೋಟು ಹೆಕ್ಕುವಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಡಿಕ್ಕಿಯಲ್ಲಿಟ್ಟ ಲಕ್ಷವನ್ನು ಎತ್ತಿಕೊಳ್ಳುತ್ತಾನೆ. ಕೆಲವೊಮ್ಮೆ ನೋಟಿನ ಬದಲು ಬೆನ್ನಿನ ಮೇಲೆ ಗಲೀಜು ಚೆಲ್ಲಿ ತೊಳೆಯಲು ನೀರು ತೋರಿಸುತ್ತಾರೆ. ಕೆಲವೊಮ್ಮೆ “ಟೈರು ಪಂಕ್ಚರ್ ಆಗಿದೆ”, “ಆಯಿಲ್ ಸೋರುತ್ತಿದೆ” ಎಂಬ ಕಳಕಳಿ. ಪೊಲೀಸರ ಭಾಷೆಯಲ್ಲಿ ಇದು ‘ಗಮನ ಬೇರೆಡೆ ಸೆಳೆದು ಕಳವು’. ನೋಡಿ, ನಮ್ಮ ಬಗ್ಗೆ ಇಷ್ಟು ಕಾಳಜಿ ತೋರಿಸುವವರು ಬ್ಯಾಂಕಿನ ಮುಂದೆ ಮಾತ್ರ ಸಿಗುತ್ತಾರೆ. ಬಸ್ಸಿನಲ್ಲಿ ಸೀಟು ಕೇಳಿದಾಗ ಸಿಗುವುದಿಲ್ಲ.

ಮಾವನವರು ಬಗ್ಗಲಿಲ್ಲ. ಎರಡು ನೋಟಿನ ಮೇಲೆ ಚಪ್ಪಲಿ ಕಾಲಿಟ್ಟು ನಿಂತು, ಯುವಕನನ್ನು ಮೇಲಿನಿಂದ ಕೆಳಕ್ಕೆ ನೋಡಿ, “ನನ್ನ ದುಡ್ಡು ಬೀಳೋ ಜಾತಿದಲ್ಲಪ್ಪ. ನಿಂದೇ ಇರಬೇಕು, ತಗೋ. ಕಾಲ ಕೆಳಗಿನದು ಮಾತ್ರ ಹೇಳಿದ್ದಕ್ಕೆ ಕೂಲಿ” ಎಂದರು. ಯುವಕ ಮಾಯವಾದ. ಬಗ್ಗಿದವನು ನಾನು. ಅಳಿಯನಲ್ಲವೆ, ಚೆಲ್ಲಿದ ದುಡ್ಡು ಕಂಡರೆ ಬೆನ್ನು ತಾನಾಗಿಯೇ ಬಗ್ಗುತ್ತದೆ. ಅಷ್ಟರಲ್ಲಿ ಗಾಡಿಯ ಸೈಡ್ ಬ್ಯಾಗಿನಲ್ಲಿದ್ದ ಚೀಲ ಹೋಗಿತ್ತು.

ಚೀಲದಲ್ಲಿದ್ದದ್ದು ಚಮ್ಮಾರನಿಗೆ ಕೊಡಲು ತಂದಿದ್ದ ಕಿತ್ತ ಎಕ್ಕಡ ಮತ್ತು ಅಂದು ಬೆಳಿಗ್ಗೆಯಷ್ಟೇ ತೆಗೆಸಿದ ಮಾವನವರ ಸಕ್ಕರೆ ಕಾಯಿಲೆಯ ರಿಪೋರ್ಟು. ದುಡ್ಡು ಉಳಿಯಿತೆಂದು ನಾನು ಸಂತೋಷಪಟ್ಟರೆ ಮಾವನವರು ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ರಕ್ತ ಮತ್ತೆ ಕೊಡಬೇಕು, ಅದಕ್ಕೆ ಮತ್ತೆ ಬರಿಹೊಟ್ಟೆಯಲ್ಲಿ ಹೋಗಬೇಕು. “ಲಕ್ಷ ಹೋಗಿದ್ದರೆ ಮತ್ತೆ ಬೆಳೆದೇನು, ಬೆಳಗಿನ ಮುದ್ದೆ ಹೋದರೆ ಬರುತ್ತದೇನೋ?” ಎಂಬುದು ಅವರ ವಾದ. ಕಳ್ಳ ಆ ರಿಪೋರ್ಟು ಓದಿ ಸಿಹಿ ಬಿಟ್ಟಿದ್ದರೆ ಒಳ್ಳೆಯದಾಯಿತು. ಆದರೆ ಪಾಠವೊಂದಿದೆ: ಗಾಡಿಯ ಡಿಕ್ಕಿ ತಿಜೋರಿಯಲ್ಲ. ಅದರ ಬೀಗ ಸೀಟು ಅಲುಗಾಡದಿರಲೆಂದು ಇರುವುದು.

ಇನ್ನು ನಂಬರು ಪ್ಲೇಟಿನ ಮಾತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಿಂದ ಕೊರೆದ ಗುಪ್ತ ಸಂಖ್ಯೆ, ಒಮ್ಮೆ ಕಿತ್ತರೆ ಮತ್ತೆ ಕೂರದ ಸ್ನ್ಯಾಪ್ ಲಾಕ್. ಕರ್ನಾಟಕದಲ್ಲಿ ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು 2023ರ ನವೆಂಬರ್ 17ರ ಗಡುವು ಕೊಟ್ಟರು. ಅದು ಫೆಬ್ರುವರಿಗೆ ಹೋಯಿತು, ಮೇಗೆ ಹೋಯಿತು, ಮತ್ತೂ ಮುಂದೆ ಹೋಯಿತು. ಗಾಡಿಗಳಿಗಿಂತ ಗಡುವೇ ಹೆಚ್ಚು ಓಡಿತು. ಒಳ್ಳೆಯ ಏರ್ಪಾಡು, ತಕರಾರಿಲ್ಲ. ಆದರೆ ಅದು ಪ್ಲೇಟಿಗೆ ಹಾಕಿದ ಬೀಗ. ಗಾಡಿಗೆ ಹಾಕುವ ಬೀಗ ನಮ್ಮ ಕೈಯಲ್ಲೇ ಇದೆ, ಹದಿನೈದು ವರ್ಷದಿಂದ ಸವೆಯುತ್ತಾ.

ದುಡ್ಡು ಕೊಟ್ಟು ನಿಲ್ಲಿಸುವ ಸ್ಟ್ಯಾಂಡುಗಳಲ್ಲಿ ಒಂದು ಬೋರ್ಡು ಇರುತ್ತದೆ: ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು.’ ನನಗೆ ಇದು ಯಾವತ್ತೂ ಅರ್ಥವಾಗಿಲ್ಲ. ಜವಾಬ್ದಾರಿ ನನ್ನದಾದರೆ ಹತ್ತು ರೂಪಾಯಿ ಯಾತಕ್ಕೆ? ಬಿಸಿಲಿಗೋ? ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಒಯ್ದ ಮಾರುತಿ ಝೆನ್ ಕಾರೊಂದಿದೆ. 1998ರಲ್ಲಿ ದೆಹಲಿಯ ತಾಜ್‌ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ನಿಲ್ಲಿಸಿ ಬರಲೆಂದು ಹೋಟೆಲಿನವರ ಕೈಗೆ ಕೀಲಿ ಕೊಟ್ಟರು. ತಿರುಗಿ ಬಂದಾಗ ಕಾರನ್ನು ಯಾರೋ ಓಡಿಸಿಕೊಂಡು ಹೋಗಿದ್ದರು. ಚೀಟಿಯಲ್ಲಿ ‘ಮಾಲೀಕರ ಹೊಣೆ’ ಎಂದು ಅಚ್ಚಾಗಿದೆ ಎಂಬುದು ಹೋಟೆಲಿನ ವಾದ. 2019ರ ನವೆಂಬರ್ 14ರಂದು ತೀರ್ಪು ಬಂತು, ಬರೆದವರು ನಮ್ಮ ಹಾವೇರಿ ಸೀಮೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಕೀಲಿ ತೆಗೆದುಕೊಂಡ ಮೇಲೆ ಕಾರು ನಿಮ್ಮ ವಶದಲ್ಲಿದ್ದ ಹಾಗೆ; ಕೊಟ್ಟ ಸ್ಥಿತಿಯಲ್ಲಿ ಮರಳಿಸುವುದು ನಿಮ್ಮ ಕೆಲಸ; ನಿಮ್ಮದೇ ಅಲಕ್ಷ್ಯವನ್ನು ಚೀಟಿಯ ಹಿಂದೆ ಅಡಗಿಸುವಂತಿಲ್ಲ. ಇದು ಅದರ ಸಾರ. 1872ರ ಕರಾರು ಕಾಯಿದೆಯಲ್ಲಿರುವ ತತ್ವವೇ ಇದು. ಅದಕ್ಕೂ ಎಷ್ಟೋ ಹಿಂದೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೊಬ್ಬರ ಒಡವೆ ಇಟ್ಟುಕೊಳ್ಳುವ ‘ಉಪನಿಧಿ’ಗೆಂದೇ ಒಂದು ಅಧ್ಯಾಯವಿದೆ. ಆದರೆ ಲೆಕ್ಕ ಹಾಕಿ: ತೀರ್ಪು ಬರಲು ಇಪ್ಪತ್ತೊಂದು ವರ್ಷ. ಅಷ್ಟು ಹೊತ್ತಿಗೆ ಝೆನ್ ಕಾರಿನ ತಯಾರಿಕೆಯೇ ನಿಂತಿತ್ತು. ಆದ್ದರಿಂದ ಚೀಟಿಯನ್ನು ಜೋಪಾನವಾಗಿಡಿ, ಗಾಡಿಯೊಳಗಲ್ಲ, ಜೇಬಿನಲ್ಲಿ. ವಿಮೆ ಮಾಡಿಸುವಾಗ ಬರೀ ಥರ್ಡ್ ಪಾರ್ಟಿ ಮಾಡಿಸಿ ಉಳಿಸಿದೆನೆಂದು ಬೀಗಬೇಡಿ. ಅದರಲ್ಲಿ ಕಳವಿಗೆ ಕಾಸು ಬರುವುದಿಲ್ಲ. ಕೊಟ್ಟ ಎರಡು ಕೀಲಿಗಳಲ್ಲಿ ಎರಡನೆಯದನ್ನೂ ಕಾಪಾಡಿ. ಪರಿಹಾರ ಕೇಳಲು ಹೋದಾಗ ಎರಡನ್ನೂ ತೋರಿಸಿ ಎನ್ನುತ್ತಾರೆ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹಿಂದೂಪುರದ ಎಷ್ಟೋ ಜನರಂತೆ ಬೆಳಿಗ್ಗೆ ರೈಲು, ರಾತ್ರಿ ರೈಲು. ನಡುವೆ ಇಡೀ ದಿನ ಅವಳ ಸ್ಕೂಟಿ ಊರಿನಲ್ಲಿ ಒಂಟಿ. ಮೊದಮೊದಲು ರಾತ್ರಿ ನಾನೇ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವಳೇ “ಅಪ್ಪಾ, ನೀವು ಬಂದರೆ ನಾನು ನಿಮ್ಮನ್ನೂ ಕಾಯಬೇಕಾಗುತ್ತೆ” ಎಂದಳು. ಅವಳ ಪದ್ಧತಿ ನನ್ನದಕ್ಕಿಂತ ಚೆನ್ನಾಗಿದೆ. ಬೆಳಿಗ್ಗೆಯೇ ದೀಪದ ಕಂಬದ ಕೆಳಗೆ ಜಾಗ ಹಿಡಿಯುತ್ತಾಳೆ. ಗಾಡಿಯ ಮೂತಿ ಹೊರಗೆ ಮಾಡಿ ನಿಲ್ಲಿಸುತ್ತಾಳೆ, ಹತ್ತಿದರೆ ಹೊರಟೇಬಿಡುವ ಹಾಗೆ. ರಾತ್ರಿ ರೈಲಿನಿಂದ ಇಳಿದವರ ಗುಂಪಿನಲ್ಲೇ ಬರುತ್ತಾಳೆ. ಫೋನು ಬ್ಯಾಗಿನೊಳಗೆ, ಕೀಲಿ ಬೆರಳಿನಲ್ಲಿ. ಗಾಡಿಯ ಸುತ್ತ ಯಾರಾದರೂ ಸುಮ್ಮನೆ ನಿಂತಿದ್ದರೆ ಅತ್ತ ಹೋಗದೆ ರಸ್ತೆಯಾಚೆಯ ಬಜ್ಜಿ ಗಾಡಿಯ ಹತ್ತಿರ ಹೋಗಿ ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿನ್ನುತ್ತಾಳೆ.

ಈ ಬಜ್ಜಿಯಮ್ಮನೇ ಆ ಜಾಗದ ನಿಜವಾದ ಸಿಸಿ ಕ್ಯಾಮೆರಾ. ಕಂಬದ ಮೇಲೆ ಇನ್ನೊಂದು ಇದೆ, ಅದು ಆಕಾಶ ನೋಡುತ್ತಿದೆ. ಬಜ್ಜಿಯಮ್ಮನಿಗೆ ಯಾರ ಗಾಡಿ ಯಾವುದು, ಯಾರು ಎಷ್ಟು ಗಂಟೆಗೆ ಬರುತ್ತಾರೆ, ಯಾರು ಮುನಿಸಿನಲ್ಲಿದ್ದಾರೆ ಎಲ್ಲ ಗೊತ್ತು. ಒಂದು ಸಂಜೆ ಮಗಳಿಗೆ ಜ್ವರವೆಂದು ಅವಳ ಗಾಡಿ ತರಲು ನಾನು ಹೋದೆ. ಕೀಲಿ ಹಾಕಿದ್ದೇ ತಡ, ರಸ್ತೆಯಾಚೆಯಿಂದ ಜಾಲರಿ ಸೌಟು ಝಳಪಿಸಿಕೊಂಡು ಬಂದಳು. “ಏಯ್, ಎವರಯ್ಯಾ ನೀವು? ಆ ಬಂಡಿ ಆ ಪಾಪದು.” ನಾನು ಅಪ್ಪ ಎಂದೆ. “ಹಾಗಂತ ಎಲ್ಲರೂ ಹೇಳ್ತಾರೆ” ಎಂದಳು. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಗಳು ಫೋನಿನಲ್ಲಿ ನನ್ನನ್ನು ಅಪ್ಪನೆಂದು ದೃಢೀಕರಿಸುವವರೆಗೆ ಬಿಡಲಿಲ್ಲ. ಎಷ್ಟೋ ವರ್ಷದ ಹಿಂದೆ ಹೂವಿನಂಗಡಿಯ ಹುಡುಗ ನನಗೆ ಗಾಡಿ ಸರಿಸಿಕೊಟ್ಟದ್ದು ನೆನಪಾಯಿತು. ಅವನಿಗೆ ನನ್ನ ಗುರುತಿರಲಿಲ್ಲ, ಮಧುಗಿರಿಯವರ ಗುರುತೂ ಇರಲಿಲ್ಲ. ಅವನ ತಪ್ಪೇನು? ನಾವಿಬ್ಬರೂ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಬೀಗ, ವಿಮೆ, ಕಲಂ, ತೀರ್ಪು ಎಲ್ಲ ಬೇಕು. ಆದರೆ ಗಾಡಿ ಉಳಿಯುವುದು ಗುರುತಿನವರ ಕಣ್ಣಿನಲ್ಲಿ. ಆ ಕಣ್ಣಿಗೆ ಸಂಬಳವಿಲ್ಲ. ನಾವು ಕೊಡಬಹುದಾದದ್ದು “ಅಮ್ಮಾ, ಗಾಡಿ ಇಲ್ಲಿ ಬಿಟ್ಟಿದ್ದೀನಿ” ಎಂಬ ಒಂದು ಮಾತು.

ಹಿಂದೂಪುರದಿಂದ ಹದಿನೈದು ಕಿಲೋಮೀಟರು ದೂರದ ಲೇಪಾಕ್ಷಿಗೆ ಯಾರೇ ನೆಂಟರು ಬಂದರೂ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಊರ ಮುಂದೆ ಶಿವನ ವಾಹನ ನಿಂತಿದೆ. ಒಂದೇ ಕಲ್ಲಿನ ನಂದಿ, ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ವೀರಭದ್ರನ ಗುಡಿ ವಿಜಯನಗರದ ಅಚ್ಯುತರಾಯನ ಕಾಲದ್ದು. ಅಲ್ಲಿ ಕನ್ನಡ ಶಾಸನಗಳೂ ಇವೆ. ಆ ಗುಡಿಯನ್ನು ಕಟ್ಟಿಸಿದ ಖಜಾಂಚಿ ವಿರೂಪಣ್ಣನ ಮೇಲೆ ಬೊಕ್ಕಸ ಬರಿದು ಮಾಡಿದನೆಂಬ ಅಪವಾದ ಬಂದು, ಅವನು ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆಸೆದನೆಂದು ಜನ ಹೇಳುತ್ತಾರೆ; ಗೋಡೆಯ ಮೇಲಿನ ಕೆಂಪು ಕಲೆ ತೋರಿಸುತ್ತಾರೆ. ಇನ್ನೊಬ್ಬರ ಒಡವೆ ಕಾಯುವವನ ಕಷ್ಟ ಆಗಲೂ ಇಷ್ಟೇ. ಅದೇ ಸ್ಥಳಕ್ಕೆ ಇನ್ನೊಂದು ಕಥೆಯೂ ಇದೆ: ಸೀತೆಯನ್ನು ಹೊತ್ತೊಯ್ಯುವವನನ್ನು ತಡೆಯಲು ಹೋದ ಜಟಾಯು ಬಿದ್ದದ್ದು ಇಲ್ಲಿಯೇ, ರಾಮ ತೆಲುಗಿನಲ್ಲಿ ‘ಲೇ ಪಕ್ಷಿ’ (ಏಳು ಹಕ್ಕಿ) ಎಂದದ್ದು ಇಲ್ಲಿಯೇ. ನೋಡಿ ಸುಮ್ಮನಿರದ ದಾರಿಹೋಕ ಎಂದರೆ ಅವನೇ. ಬಜ್ಜಿಯಮ್ಮ ಅವನ ವಂಶದವಳಿರಬೇಕು.

ಕಳೆದ ಸಲ ಅಕ್ಕನ ಮಗ ನಂದಿಯ ಎದುರಿಗೆ ಬೈಕು ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಫೋಟೋ ತೆಗೆಯಲು ಓಡಿದ. ಕೇಳಿದರೆ “ಇಲ್ಲಿ ಏನಾಗುತ್ತೆ ಮಾವ, ನಂದಿ ನೋಡ್ತಿದೆಯಲ್ಲ” ಎಂದ. ನಂದಿ ನೋಡುತ್ತಿರುವುದು ಶಿವನನ್ನು, ನಿನ್ನ ಬೈಕನ್ನಲ್ಲ ಎಂದೆ. ಸುಮಾರು ಐನೂರು ವರ್ಷದಿಂದ ಅದು ನಿಲ್ಲಿಸಿದಲ್ಲೇ ಇರುವುದಕ್ಕೆ ಕಾರಣ, ಅದನ್ನು ಎತ್ತಲು ಯಾರಿಗೂ ಆಗದು. ನಿಮ್ಮ ಗಾಡಿಯ ತೂಕ ನೂರು ಚಿಲ್ಲರೆ ಕಿಲೋ. ಇಳಿಯುವಾಗ ಕೀಲಿ ತೆಗೆಯಿರಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ, ಎದುರಿನ ಅಂಗಡಿಯವರಿಗೆ ಒಂದು ಮಾತು ಹೇಳಿ. ಕೀಲಿ ಸವೆದಿದ್ದರೆ ಬೀಗವನ್ನೇ ಬದಲಿಸಿ. ನಾನು ಬದಲಿಸಿದ್ದೇನೆ. ಬ್ರೇಕು ಮಾತ್ರ ಇನ್ನೂ ಹಾಗೇ ಇದೆ.